ದರ ಎಷ್ಟು ಅಂತ ಕೇಳಿದ್ರ ಸಾಕೇನ್ರೀ?

“ಕ್ರಿಪ್ಟೋ ನಾಣ್ಯದ ಈಗಿನ ಬೆಲೆಯನ್ನು ಕೊಡುತ್ತದೆ.”

ಇಂಗ್ಲಿಷಿನಲ್ಲಿರುವ ಒಂದು ಸಾಲನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ. ನಾನು ಕೆಲಸ ಮಾಡುವ ಕಡೆ ಒಂದು ಟೂಲ್‌ಗೆ ಇರುವ ಡಾಕ್ಯುಮೆಂಟೇಶನ್ ಇಷ್ಟೇ. ನಾನು ಬರೆದುಕೊಟ್ಟದ್ದು ಅರ್ಧ ಪುಟ. ಕತ್ತರಿಸಿ ಕತ್ತರಿಸಿ ಉಳಿಸಿದ್ದು ಈ ಐದು ಪದ. “ಅಷ್ಟೆಲ್ಲಾ ಯಾರು ಓದ್ತಾರೆ? ಓದೋದು ಮಷೀನು, ಅದೇ ತಿಳ್ಕೊಳ್ಳುತ್ತೆ” ಅನ್ನುವ ಸಮಜಾಯಿಷಿ ಬೇರೆ. ಇವತ್ತಿನ ಈ ಪೋಸ್ಟು ಆ ಸಮಜಾಯಿಷಿಯ ವಿರುದ್ಧ. ಐದು ಪದದಲ್ಲಿ ಕನಿಷ್ಠ ನಾಲ್ಕು ಸುಳ್ಳಿವೆ ಅಂತ ನನ್ನ ವಾದ. ಬ್ಲಾಗಿಗ ಮಿತ್ರರು ಜಗಳಕ್ಕೆ ಬರುವುದಾದರೆ ಸ್ವಾಗತ :)

ಐಟಿಯಲ್ಲಿ ಇಲ್ಲದವರಿಗೆ ಎರಡು ಮಾತು. ಎಐ ಏಜೆಂಟ್ ಅಂದರೆ ಬರೀ ಮಾತಾಡುವ ಯಂತ್ರವಲ್ಲ, ನಮ್ಮ ಪರವಾಗಿ ಕೆಲಸವನ್ನೂ ಮಾಡುವ ಯಂತ್ರ. ಬೆಲೆ ಬೇಕೆಂದರೆ ಅದು ಬೆಲೆ ತಂದುಕೊಡುವ ಒಂದು ಟೂಲನ್ನು ಕರೆಯುತ್ತದೆ. 2023ರ ಜೂನ್‌ನಲ್ಲಿ ಓಪನ್‌ಎಐನವರು ಮಾಡೆಲ್‌ಗಳಿಗೆ ಹೀಗೆ ಫಂಕ್ಷನ್ ಕರೆಯುವ ಸೌಲಭ್ಯ ಕೊಟ್ಟರು. 2024ರ ನವೆಂಬರ್‌ನಲ್ಲಿ ಆಂತ್ರೋಪಿಕ್‌ನವರು ಎಂಸಿಪಿ ಅನ್ನುವ ಒಪ್ಪಂದ ಹೊರತಂದರು. ಆಮೇಲೆ ಟೂಲ್ ಬರೆಯುವವರ ಸಂತೆಯೇ ನೆರೆಯಿತು. ಈ ಏರ್ಪಾಟಿನಲ್ಲಿ ಮಾಡೆಲ್‌ಗೆ ನಮ್ಮ ಕೋಡ್ ಕಾಣುವುದಿಲ್ಲ. ಕಾಣುವುದು ಟೂಲಿನ ಹೆಸರು, ಅದರ ವಿವರಣೆ, ಏನೇನು ಮಾಹಿತಿ ಕೊಡಬೇಕು ಅನ್ನುವ ಪಟ್ಟಿ. ಅಷ್ಟೇ. ವಿವರಣೆಯಲ್ಲಿ ಬರೆಯದೇ ಇದ್ದದ್ದು ಅದರ ಮಟ್ಟಿಗೆ ಲೋಕದಲ್ಲೇ ಇಲ್ಲ. ಮನುಷ್ಯ ಪ್ರೋಗ್ರಾಮರ್ ಆದರೆ ಅನುಮಾನ ಬಂದಾಗ ಪಕ್ಕದವನನ್ನು ಕೇಳುತ್ತಾನೆ, ಕೋಡ್ ತೆರೆದು ನೋಡುತ್ತಾನೆ, ಬೈದುಕೊಳ್ಳುತ್ತಾನೆ. ಇದಕ್ಕೆ ಆ ಯಾವ ದಾರಿಯೂ ಇಲ್ಲ. ಹಾಗಾಗಿ “ಓದೋದು ಮಷೀನು” ಅನ್ನುವುದು ಜಾಸ್ತಿ ಬರೆಯುವುದಕ್ಕೆ ಕಾರಣ ಆಗಬೇಕೇ ಹೊರತು ಕಡಿಮೆ ಬರೆಯುವುದಕ್ಕಲ್ಲ.

ಅಂದಹಾಗೆ ನಮ್ಮ ಬೈಲಹೊಂಗಲದಲ್ಲಿ ಏಜೆಂಟ್ ಅಂದರೆ ಯಾರಿಗೂ ಕಂಪ್ಯೂಟರ್ ನೆನಪಾಗುವುದಿಲ್ಲ. ಎಪಿಎಂಸಿಯ ದಲಾಲಿ ಅಂಗಡಿ ನೆನಪಾಗುತ್ತದೆ. ಅಲ್ಲಿ ಹತ್ತಿ ಮಾರಿ ಬೆಳೆದ ಮನೆ ನಮ್ಮದು. ನಮ್ಮ ಕಾಕಾಗೆ ಫೋನ್ ಮಾಡಿ “ಹತ್ತಿ ದರ ಎಷ್ಟೈತಿ ಕಾಕಾ?” ಅಂತ ಕೇಳಿದರೆ ನೇರವಾಗಿ ಉತ್ತರ ಬಂದದ್ದೇ ಇಲ್ಲ.

“ಯಾವ ಪ್ಯಾಟ್ಯಾಗ? ಇಲ್ಲೋ ಸವದತ್ತ್ಯಾಗೋ? ಯಾವ ಮಾಲಿಗಿ? ಇವತ್ತಿಂದೋ ಹೋದ ಸಂತಿದೋ? ಸುಮ್ನ ದರ ಎಷ್ಟು ಅಂದ್ರ ಏನ್ ಹೇಳ್ಲಿ ತಮ್ಮಾ?”

ಕಾಕಾ ಓದಿದ್ದು ಏಳನೆಯ ಇಯತ್ತೆ. ಆದರೆ ಬೆಲೆ ಅನ್ನುವ ಅಂಕಿಯ ಜೊತೆ ಜಾಗ, ಮಾಲು, ತೂಕ, ಹೊತ್ತು ಇಲ್ಲದಿದ್ದರೆ ಅದು ಬೆಲೆಯೇ ಅಲ್ಲ ಅನ್ನುವುದು ಅವರಿಗೆ ಗೊತ್ತು. ಡಾಕ್ಯುಮೆಂಟೇಶನ್‌ನಲ್ಲಿ ನಾನು ಬರೆದು, ಅವರು ಕತ್ತರಿಸಿದ್ದು ಇದನ್ನೇ.

ಮೊದಲು “ನಾಣ್ಯ” ಅನ್ನುವುದನ್ನು ನೋಡಿ. ಯಾವ ನಾಣ್ಯ? ಕ್ರಿಪ್ಟೋದಲ್ಲಿ ಮೂರು-ನಾಲ್ಕು ಅಕ್ಷರದ ಚಿಹ್ನೆಗಳು ಯಾರಪ್ಪನ ಸ್ವತ್ತೂ ಅಲ್ಲ. ಒಂದೇ ಚಿಹ್ನೆಯನ್ನು ಹತ್ತಾರು ನಾಣ್ಯಗಳು ಇಟ್ಟುಕೊಂಡಿರುತ್ತವೆ. ಅದಕ್ಕೇ ಕಾಯಿನ್‌ಗೆಕೋದಂಥವರ ಎಪಿಐಯಲ್ಲಿ ಪ್ರತಿ ನಾಣ್ಯಕ್ಕೂ ಬೇರೆಯೇ ಐಡಿ ಇದೆ. ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ ಲೂನಾ. 2022ರ ಮೇ ಮೊದಲ ವಾರದಲ್ಲಿ 80 ಡಾಲರಿನ ಮೇಲಿದ್ದ ಲೂನಾ ಎರಡೇ ವಾರದೊಳಗೆ ಒಂದು ಸೆಂಟಿಗಿಂತ ಎಷ್ಟೋ ಕೆಳಗೆ ಹೋಯಿತು. ಮೇ 28ಕ್ಕೆ ಹೊಸ ಸರಪಳಿ ಶುರುವಾಗಿ, ಲೂನಾ ಅನ್ನುವ ಹೆಸರು ಹೊಸ ನಾಣ್ಯಕ್ಕೆ ಹೋಯಿತು. ಹಳೆಯದು ಲೂನಾ ಕ್ಲಾಸಿಕ್ ಆಯಿತು. ಈಗ ಒಬ್ಬ ಹುಡುಗ “ನನ್ನ ಹತ್ರ 2021ರಾಗ ತಗೊಂಡ ಲೂನಾ ಅದಾವ, ಎಷ್ಟ್ ಬರ್ತದ?” ಅಂತ ಏಜೆಂಟನ್ನು ಕೇಳಿದ ಅಂತಿಟ್ಟುಕೊಳ್ಳಿ. ಅದು ಲೂನಾ ಅಂತಲೇ ಟೂಲಿಗೆ ಕೇಳುತ್ತದೆ. ಟೂಲು ಹೊಸ ನಾಣ್ಯದ ದರ ಕೊಡುತ್ತದೆ. ಹುಡುಗ ಗುಣಾಕಾರ ಮಾಡುತ್ತಾನೆ. ಯಾರ ಕೋಡಿನಲ್ಲೂ ಒಂದು ಬಗ್ ಇಲ್ಲ, ಉತ್ತರ ಮಾತ್ರ ಪೂರಾ ತಪ್ಪು!

ಇನ್ನು “ಈಗಿನ”. ಇದರಷ್ಟು ಹಾಳು ಪದ ಇನ್ನೊಂದಿಲ್ಲ. ನಮ್ಮ ಟೂಲಿಗೆ ದರ ಕೊಡುವವರು ತಮ್ಮ ಕಡೆ ಒಂದಷ್ಟು ಹೊತ್ತು ಅದನ್ನು ಹಿಡಿದಿಟ್ಟುಕೊಂಡಿರುತ್ತಾರೆ. ಅದರ ಮೇಲೆ ನಾವೂ ಹಿಡಿದಿಟ್ಟುಕೊಂಡಿರುತ್ತೇವೆ. ಹಾಗಾಗಿ ಈಗ ಅಂದರೆ ಒಂದು ನಿಮಿಷ ಹಿಂದೆ ಇರಬಹುದು, ಸರ್ವರ್ ಕೈಕೊಟ್ಟ ದಿನ ಮೂರು ಗಂಟೆ ಹಿಂದೆಯೂ ಇರಬಹುದು. ಸಣ್ಣ ವಿಷಯ ಅನಿಸಿದರೆ ಅದೇ ಲೂನಾ ಬಿದ್ದ ವಾರದ ಇನ್ನೊಂದು ಕಥೆ ಕೇಳಿ. ವೀನಸ್ ಅಂತ ಒಂದು ಸಾಲ ಕೊಡುವ ವ್ಯವಸ್ಥೆ. ಮನುಷ್ಯರಿಲ್ಲ, ಪೂರಾ ಪ್ರೋಗ್ರಾಮು. ಲೂನಾ ಅಡ ಇಟ್ಟುಕೊಂಡು ಸಾಲ ಕೊಡುತ್ತಿತ್ತು. ದರವನ್ನು ಚೈನ್‌ಲಿಂಕ್ ಅನ್ನುವವರ ಫೀಡ್‌ನಿಂದ ಓದುತ್ತಿತ್ತು. ಆ ಫೀಡ್‌ಗೆ ಒಂದು ಕೆಳಮಿತಿ ಇತ್ತು, ಸುಮಾರು 10 ಸೆಂಟು. ಪೇಟೆಯಲ್ಲಿ ದರ ಅದಕ್ಕಿಂತ ಕೆಳಗಿಳಿದಾಗ ಫೀಡ್ ಅಲ್ಲೇ ನಿಂತುಬಿಟ್ಟಿತು. ಹೊರಗೆ ಒಂದು ಸೆಂಟಿನ ಆಸುಪಾಸು, ಒಳಗೆ ಹತ್ತು ಸೆಂಟು. ಜಾಣರು ಹೊರಗೆ ಕೊಂಡು ಒಳಗೆ ಅಡ ಇಟ್ಟರು, ಸಾಲ ಎತ್ತಿಕೊಂಡು ಹೋದರು. ನಷ್ಟ ಸುಮಾರು 1.1 ಕೋಟಿ ಡಾಲರ್. ದರ ಕೊಟ್ಟ ಯಂತ್ರ ತನ್ನ ನಿಯಮದಂತೆ ಕೆಲಸ ಮಾಡಿತ್ತು, ದರ ಓದಿದ ಯಂತ್ರವೂ ತನ್ನ ನಿಯಮದಂತೆ ಕೆಲಸ ಮಾಡಿತ್ತು. ಮಧ್ಯೆ “ಇದು ನಿಂತುಹೋದ ದರ” ಅಂತ ಹೇಳುವವರೂ ಕೇಳುವವರೂ ಇರಲಿಲ್ಲ.

ಅಲ್ಲಿದ್ದದ್ದು ಬರೀ ಪ್ರೋಗ್ರಾಮು. ಈಗ ನಾವು ಕಟ್ಟುತ್ತಿರುವುದು ಇನ್ನೂ ಅಪಾಯದ್ದು, ಯಾಕೆಂದರೆ ಇದಕ್ಕೆ ಮಾತು ಬರುತ್ತದೆ. ನಿಂತುಹೋದ ದರವನ್ನೂ ನಯವಾದ ವಾಕ್ಯದಲ್ಲಿ, ಬಹುವಚನ ಹಾಕಿ, ಬಹಳ ವಿಶ್ವಾಸದಿಂದ ಹೇಳುತ್ತದೆ.

“ಬೆಲೆ” ಅನ್ನುವ ಪದಕ್ಕೆ ಬರೋಣ. ಕ್ರಿಪ್ಟೋಗೆ ಒಂದು ಬೆಲೆ ಅನ್ನುವುದೇ ಇಲ್ಲ. ಎಕ್ಸ್‌ಚೇಂಜಿಗೊಂದು ದರ. ನೋಡುವ ತಾಣಗಳಲ್ಲಿ ಕಾಣುವುದು ಹಲವು ಎಕ್ಸ್‌ಚೇಂಜ್‌ಗಳ ಸರಾಸರಿ. ಸರಾಸರಿಗೆ ಯಾರನ್ನು ಸೇರಿಸಿಕೊಂಡರು ಅನ್ನುವುದರ ಮೇಲೆ ದರ ನಿಂತಿರುತ್ತದೆ. 2018ರ ಜನವರಿ 8ರಂದು ಕಾಯಿನ್‌ಮಾರ್ಕೆಟ್‌ಕ್ಯಾಪ್‌ನವರು ಸರಾಸರಿಯಿಂದ ಕೊರಿಯಾದ ಎಕ್ಸ್‌ಚೇಂಜ್‌ಗಳನ್ನು ತೆಗೆದುಹಾಕಿದರು. ಅಲ್ಲಿ ದರ ಬೇರೆ ಕಡೆಗಿಂತ ಬಹಳ ಮೇಲಿತ್ತು. ತೆಗೆದದ್ದು ತಪ್ಪೇನಲ್ಲ. ಆದರೆ ಮುಂಚೆ ಯಾರಿಗೂ ಹೇಳಲಿಲ್ಲ. ತೆರೆಯ ಮೇಲೆ ಎಲ್ಲ ದರಗಳೂ ಇದ್ದಕ್ಕಿದ್ದಂತೆ ಕುಸಿದಂತೆ ಕಂಡವು, ಪೇಟೆ ಬಿತ್ತು ಅಂತ ಜನ ಗಾಬರಿಯಾಗಿ ಮಾರಿದರು. ವಿವರಣೆ ಬಂದದ್ದು ಆಮೇಲೆ. ಒಂದು ಸಾಲಿನ ಡಾಕ್ಯುಮೆಂಟೇಶನ್ ಇಲ್ಲದ್ದಕ್ಕೆ ಬೆಲೆ ತೆತ್ತವರು ಯಾರು ಅಂತ ಬೇರೆ ಹೇಳಬೇಕಿಲ್ಲವಲ್ಲ. 2021ರ ಡಿಸೆಂಬರ್ 14ಕ್ಕೆ ಅದೇ ತಾಣದಲ್ಲಿ ದೋಷ ಬಂದು ಬಿಟ್‌ಕಾಯಿನ್ ದರ ಶತಕೋಟಿಗಳಲ್ಲಿ ಕಂಡಿತ್ತು. ಮನುಷ್ಯರು ನಕ್ಕು ಸ್ಕ್ರೀನ್‌ಶಾಟ್ ಹಂಚಿಕೊಂಡರು. ಏಜೆಂಟ್ ನಗುವುದಿಲ್ಲ ಸ್ವಾಮಿ, ಕಾರ್ಯರೂಪಕ್ಕೆ ತರುತ್ತದೆ.

ರೂಪಾಯಿಯ ಮಾತಂತೂ ಇನ್ನೂ ಕಷ್ಟ. ಡಾಲರ್ ದರವನ್ನು ರೂಪಾಯಿಗೆ ಗುಣಿಸಿ ಕೊಟ್ಟದ್ದಕ್ಕೂ ಇಲ್ಲಿನ ಎಕ್ಸ್‌ಚೇಂಜಿನಲ್ಲಿ ಸಿಗುವ ದರಕ್ಕೂ ವ್ಯತ್ಯಾಸ ಇರುತ್ತದೆ. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇಕಡಾ 30 ತೆರಿಗೆ, ಜುಲೈ 1ರಿಂದ ಮಾರುವಾಗ ಶೇಕಡಾ 1 ಟಿಡಿಎಸ್. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗೂ ಇಲ್ಲ. ಇದು ಟೂಲಿನ ಕೆಲಸವಲ್ಲ ನಿಜ. ಆದರೆ “ಇದರಲ್ಲಿ ತೆರಿಗೆ ಸೇರಿಲ್ಲ” ಅಂತ ಹೇಳುವುದು ಟೂಲಿನ ಕೆಲಸ. ದಲಾಲಿ ಅಂಗಡಿಯ ಪಟ್ಟಿಯಲ್ಲಿ ಕೂಡ ಹಮಾಲಿ ಎಷ್ಟು ಕಳೆದರು ಅಂತ ಬರೆದಿರುತ್ತದಲ್ರೀ.

ನಾಲ್ಕನೆಯದು “ಕೊಡುತ್ತದೆ”. ಕೊಡದೇ ಇದ್ದಾಗ? ದರ ಸಿಗದೆ ಟೂಲು ಸೊನ್ನೆ ಕೊಟ್ಟರೆ ನಾಣ್ಯ ಮುಳುಗಿತು ಅಂತ ಏಜೆಂಟ್ ಹೇಳುತ್ತದೆ. ಖಾಲಿ ಕೊಟ್ಟರೆ ತನ್ನ ನೆನಪಿನಿಂದ, ಅಂದರೆ ಎಂದೋ ಓದಿದ್ದರಿಂದ, ಒಂದು ಅಂಕಿ ತೆಗೆದು ಇಟ್ಟುಬಿಡಬಹುದು. ಶಿಬಾ ಇನು ಥರದ ನಾಣ್ಯಗಳ ದರ ಒಂದು ಪೈಸೆಗಿಂತ ಎಷ್ಟೋ ಕಡಿಮೆ. ದಶಮಾಂಶ ಎರಡೇ ಸ್ಥಾನಕ್ಕೆ ಕತ್ತರಿಸಿದರೆ ಅದೂ ಸೊನ್ನೆಯೇ.

ನಾನು ಬರೆದು ಕೊಟ್ಟದ್ದನ್ನು ಕನ್ನಡದಲ್ಲಿ ಇಲ್ಲಿ ಹಾಕುತ್ತೇನೆ. ಉದ್ದ ಆಯಿತೋ ಇಲ್ಲವೋ ನೀವೇ ನೋಡಿ:

“ಕೇಳಿದ ನಾಣ್ಯದ ಇತ್ತೀಚಿನ ದರವನ್ನು ಕೊಡುತ್ತದೆ. ನಾಣ್ಯವನ್ನು ಪೂರ್ಣ ಐಡಿಯಿಂದಲೇ ಕೇಳಬೇಕು. ಬಳಕೆದಾರರು ಚಿಹ್ನೆ ಮಾತ್ರ ಹೇಳಿದ್ದರೆ ಮೊದಲು ಹುಡುಕುವ ಟೂಲ್ ಬಳಸಿ. ಒಂದಕ್ಕಿಂತ ಹೆಚ್ಚು ಸಿಕ್ಕರೆ ಅವರನ್ನೇ ಕೇಳಿ, ಊಹಿಸಬೇಡಿ. ದರ ಹಲವು ಎಕ್ಸ್‌ಚೇಂಜ್‌ಗಳ ಸರಾಸರಿ. ಇದೇ ದರಕ್ಕೆ ಮಾರಲು ಆಗುತ್ತದೆ ಎಂದು ಹೇಳಬೇಡಿ. ರೂಪಾಯಿ ದರ ಡಾಲರಿನಿಂದ ಪರಿವರ್ತಿಸಿದ್ದು. ಉತ್ತರದಲ್ಲಿ ದರ ದಾಖಲಾದ ಸಮಯ ಇರುತ್ತದೆ, ಅದನ್ನು ಬಳಕೆದಾರರಿಗೆ ತಿಳಿಸಿ. ಹತ್ತು ನಿಮಿಷಕ್ಕಿಂತ ಹಳೆಯದಾದರೆ ಹಳೆಯದು ಎಂದೇ ಹೇಳಿ. ದರ ಸಿಗದಿದ್ದರೆ ದೋಷ ಬರುತ್ತದೆ, ಸೊನ್ನೆ ಬರುವುದಿಲ್ಲ. ಆಗ ನೆನಪಿನಿಂದ ದರ ಹೇಳಬೇಡಿ. ತೆರಿಗೆ, ಟಿಡಿಎಸ್, ಶುಲ್ಕ ಸೇರಿಲ್ಲ. ಹಿಂದಿನ ದಿನಗಳ ದರಕ್ಕೆ ಈ ಟೂಲ್ ಬಳಸಬೇಡಿ.”

ಇಷ್ಟೇ. ಇದಕ್ಕೆ ಬಂದ ಆಕ್ಷೇಪಗಳಲ್ಲಿ ಒಂದನ್ನು ಮಾತ್ರ ನಾನು ಗೌರವದಿಂದ ತೆಗೆದುಕೊಳ್ಳುತ್ತೇನೆ: ಪ್ರತಿ ಸಲವೂ ಮಾಡೆಲ್ ಇದನ್ನು ಓದಬೇಕು, ಓದಿದ್ದಕ್ಕೆಲ್ಲಾ ಟೋಕನ್ ಲೆಕ್ಕದಲ್ಲಿ ದುಡ್ಡು, ಇಂಥ ಟೂಲು ಐವತ್ತು ಇದ್ದರೆ ಕೂಡಿ ಭಾರ ಆಗುತ್ತದೆ. ಒಪ್ಪಿದೆ. ಹಾಗಿದ್ದರೆ ಐವತ್ತು ಟೂಲು ಹತ್ತಾಗಲಿ. ಘಟಕ, ಸಮಯ, ಮೂಲ ಇವನ್ನು ಉತ್ತರದೊಳಗೇ ಇಡೋಣ, ಬರೀ ಅಂಕಿ ಕೊಡುವುದು ಬೇಡ. ಆಮೇಲೆ ವಿವರಣೆಯಲ್ಲಿ ನಾಲ್ಕು ಸಾಲು ಉಳಿಸಬಹುದು.

“ಮಾಡೆಲ್‌ಗಳು ಈಗ ಬಹಳ ಜಾಣ ಆಗಿವೆ” ಅನ್ನುವ ಎರಡನೆಯ ಆಕ್ಷೇಪಕ್ಕೆ ನನ್ನಲ್ಲಿ ತಾಳ್ಮೆ ಇಲ್ಲ. ಎಷ್ಟೇ ದೊಡ್ಡ ವಕೀಲನಾದರೂ ಕಾಗದಪತ್ರ ಕೊಡದೆ ಕೋರ್ಟಿಗೆ ಕಳಿಸಿದರೆ ಏನು ವಾದ ಮಾಡುತ್ತಾನೆ? ನಮ್ಮ ಸರ್ವರ್ ದರವನ್ನು ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ ಅನ್ನುವುದು ಜಾಣತನದಿಂದ ತಿಳಿಯುವ ವಿಷಯವಲ್ಲ, ಯಾರಾದರೂ ಹೇಳಿದರೆ ತಿಳಿಯುವ ವಿಷಯ.

ಮೂರನೆಯದು ಈಗಿನ ಫ್ಯಾಷನ್. ಡಾಕ್ಯುಮೆಂಟೇಶನ್ ಅನ್ನೂ ಎಐಯಿಂದಲೇ ಬರೆಸಿದರಾಯಿತಂತೆ! ಬರೆಸಿ ನೋಡಿದ್ದೇನೆ. ಕೋಡಿನಲ್ಲಿ ಇರುವುದನ್ನು ಚೆಂದದ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಹೇಳಿತು. ಕೊರಿಯಾದ ಎಕ್ಸ್‌ಚೇಂಜ್ ಸರಾಸರಿಯಲ್ಲಿ ಇದೆಯೋ ಇಲ್ಲವೋ ಅನ್ನುವುದು ನಮ್ಮ ಕೋಡಿನಲ್ಲಿ ಎಲ್ಲಿರುತ್ತದೆ? ಅದು ದರ ಕೊಡುವವರಿಗೆ ಮೇಲ್ ಬರೆದು, ಎರಡು ದಿನ ಕಾದು, ಮತ್ತೆ ನೆನಪು ಮಾಡಿ ತಿಳಿದುಕೊಳ್ಳುವಂಥದ್ದು. ಜೊತೆಗೆ ಈ ವಿವರಣೆಯ ಸಾಲುಗಳನ್ನು ಮಾಡೆಲ್ ಆಜ್ಞೆಯ ಹಾಗೆ ಪಾಲಿಸುತ್ತದೆ ಅನ್ನುವುದನ್ನು ಮರೆಯಬೇಡಿ. 2025ರ ಏಪ್ರಿಲ್‌ನಲ್ಲಿ ಇನ್‌ವೇರಿಯಂಟ್ ಲ್ಯಾಬ್ಸ್‌ನವರು ಟೂಲಿನ ವಿವರಣೆಯಲ್ಲಿ ಕೆಟ್ಟ ಆಜ್ಞೆ ಬಚ್ಚಿಟ್ಟು ಏಜೆಂಟನ್ನು ದಾರಿ ತಪ್ಪಿಸಬಹುದು ಅಂತ ತೋರಿಸಿದರು. ವಿಷ ಹಾಕಿದರೆ ಕುಡಿಯುವ ಬಾಯಿ ಅದು. ಅಂಥ ಜಾಗದಲ್ಲಿ ಏನು ಬರೆದಿದೆ ಅಂತ ಓದಿ ಸಹಿ ಹಾಕುವ ಒಬ್ಬ ಮನುಷ್ಯ ಬೇಡವೇ?

“ಕ್ರಿಪ್ಟೋ ಅಂದ್ರೆ ಜೂಜು, ಅದಕ್ಕೆ ಕನ್ನಡದ ಬ್ಲಾಗಿನಲ್ಲಿ ಇಷ್ಟು ಉದ್ದ ಯಾಕೆ?” ಅಂತ ನೀವು ಕೇಳುತ್ತೀರಿ. ಜೂಜು ಅನ್ನುವುದಕ್ಕೆ ನನ್ನ ತಕರಾರಿಲ್ಲ. ಆದರೆ ಬೈಲಹೊಂಗಲದಲ್ಲಿ, ಕಿತ್ತೂರಿನಲ್ಲಿ ನನಗೆ ಗೊತ್ತಿರುವ ಹುಡುಗರೇ ರಾತ್ರಿ ಮೊಬೈಲ್ ಹಿಡಿದು ಇದನ್ನು ಆಡುತ್ತಾರೆ. ಅವರೀಗ ಕನ್ನಡದಲ್ಲೇ ಕೇಳುತ್ತಾರೆ, ಕನ್ನಡದಲ್ಲೇ ಉತ್ತರ ಬರುತ್ತದೆ. ಇಂಗ್ಲಿಷಿನಲ್ಲಿ ಬಂದ ಅಂಕಿಯನ್ನು ಎರಡು ಸಲ ನೋಡುವವನು ತನ್ನ ಭಾಷೆಯಲ್ಲಿ ಬಂದದ್ದನ್ನು ಮನೆಯವರೇ ಹೇಳಿದಂತೆ ನಂಬುತ್ತಾನೆ. ಅದೂ ಅಲ್ಲದೆ ಕ್ರಿಪ್ಟೋ ಬರೀ ಮೊದಲ ಹೆಜ್ಜೆ. ಇದೇ ಐದು ಪದದ ಜನ ನಾಳೆ “ಹತ್ತಿಯ ಈಗಿನ ಬೆಲೆಯನ್ನು ಕೊಡುತ್ತದೆ” ಅಂತ ಇನ್ನೊಂದು ಟೂಲ್ ಬರೆಯುತ್ತಾರೆ. ನನ್ನ ಹೊಟ್ಟೆಯುರಿ ನಿಜವಾಗಿ ಇರುವುದು ಅಲ್ಲಿ.

ಅದಕ್ಕೆ ಬೇಕಾದ ಮಾಹಿತಿ ತೆರೆದೇ ಇದೆ. ಅಗ್‌ಮಾರ್ಕ್‌ನೆಟ್ 2000ದಿಂದ ಇದೆ. ಕೇಂದ್ರ ಸರ್ಕಾರದ ಮುಕ್ತ ದತ್ತಾಂಶ ತಾಣದಲ್ಲಿ ಮಂಡಿ ದರಗಳಿಗೆ ಎಪಿಐ ಇದೆ. ಅದರ ಕಂಬಸಾಲು ನೋಡಿದರೆ ನಮ್ಮ ಕಾಕಾನೇ ಮಾಡಿದ ಹಾಗಿದೆ: ರಾಜ್ಯ, ಜಿಲ್ಲೆ, ಪೇಟೆ, ಮಾಲು, ತಳಿ, ದರ್ಜೆ, ತಾರೀಖು, ಕನಿಷ್ಠ, ಗರಿಷ್ಠ, ಮೋಡಲ್. ಮೋಡಲ್ ಅಂದರೆ ಆ ದಿನ ಹೆಚ್ಚು ಮಾಲು ಹೋದ ದರ. ಒಂದೇ ಬೆಲೆ ಕೇಳುವ ಟೂಲಿನಲ್ಲಿ ಈ ಮೂರರಲ್ಲಿ ಯಾವುದನ್ನು ಕೊಡುತ್ತೀರಿ? ಗರಿಷ್ಠ ಕೊಟ್ಟರೆ ರಾಮದುರ್ಗದ ಹಳ್ಳಿಯಿಂದ ಒಬ್ಬ ರೈತ ಟೆಂಪೋ ಬಾಡಿಗೆ ಮಾಡಿಕೊಂಡು ಬೈಲಹೊಂಗಲಕ್ಕೆ ಬರುತ್ತಾನೆ, ಬಂದಮೇಲೆ ತನ್ನ ಮಾಲಿಗೆ ಆ ದರ ಇಲ್ಲ ಅಂತ ತಿಳಿಯುತ್ತದೆ. ಮಾಲು ವಾಪಸ್ ಒಯ್ಯಲು ಮತ್ತೆ ಬಾಡಿಗೆ ಕೊಡಬೇಕು, ಹಾಗಾಗಿ ಸಿಕ್ಕಷ್ಟಕ್ಕೆ ಕೊಟ್ಟು ಹೋಗುತ್ತಾನೆ.

ತೂಕದ ಕಥೆ ಇನ್ನೊಂದು. ನಮ್ಮ ಎಪಿಎಂಸಿಯಲ್ಲಿ ಬೀಜ ಸಮೇತ ಹತ್ತಿಗೆ ಕ್ವಿಂಟಲ್ ಲೆಕ್ಕ. ಎನ್‌ಸಿಡಿಇಎಕ್ಸ್ ವಾಯಿದೆ ಪೇಟೆಯಲ್ಲಿ ಅದೇ ಹತ್ತಿಗೆ 20 ಕಿಲೋ ಲೆಕ್ಕ. ಜಿನ್ ಮಾಡಿದ ಅರಳೆಗೆ ಖಂಡಿ ಲೆಕ್ಕ, ಖಂಡಿಗೆ 356 ಕಿಲೋ. ನ್ಯೂಯಾರ್ಕಿನಲ್ಲಿ ಪೌಂಡಿಗೆ ಇಷ್ಟು ಸೆಂಟು. ನಾಲ್ಕೂ ಇಂಟರ್‌ನೆಟ್ಟಿನಲ್ಲಿ “ಹತ್ತಿ ಬೆಲೆ” ಅಂತಲೇ ಸಿಗುತ್ತವೆ. ಅರಳೆಯ ಖಂಡಿ ದರವನ್ನು ಬೀಜದ ಹತ್ತಿಯ ಕ್ವಿಂಟಲ್ ದರ ಅಂತ ಹೇಳಿದರೆ ತಪ್ಪು ಎಷ್ಟು ಪಟ್ಟು ಅಂತ ಲೆಕ್ಕ ಹಾಕಿ. ತೂಕವೊಂದೇ ಮೂರೂವರೆ ಪಟ್ಟು ದಾಟುತ್ತದೆ, ಬೀಜದ ಭಾರ ಬೇರೆ. ಎಳೆಯ ಉದ್ದಕ್ಕೂ ದರಕ್ಕೂ ಸಂಬಂಧ ಇದೆ. 2025-26ರ ಬೆಂಬಲ ಬೆಲೆಯೇ ಮಧ್ಯಮ ಎಳೆಗೆ ಕ್ವಿಂಟಲ್‌ಗೆ 7,710 ರೂಪಾಯಿ, ಉದ್ದ ಎಳೆಗೆ 8,110. ಜಯಧರ ಬೆಳೆದವನಿಗೂ ಡಿಸಿಎಚ್ ಬೆಳೆದವನಿಗೂ ಒಂದೇ ಅಂಕಿ ಹೇಳುವ ಟೂಲನ್ನು ಏನಂತ ಕರೆಯೋಣ?

ಊರ ಹೆಸರಿನಲ್ಲೂ ಲೂನಾ ಥರದ ಗೋಳಿದೆ. 2014ರ ನವೆಂಬರ್ 1ಕ್ಕೆ ಬೆಲ್‌ಗಾಮ್ ಹೋಗಿ ಬೆಳಗಾವಿ ಆಯಿತು, ಹಳೆ ಕೋಷ್ಟಕಗಳು ಹಳೆ ಹೆಸರಿನಲ್ಲೇ ಇವೆ. ಇಂಗ್ಲಿಷಿನಲ್ಲಿ ಸವದತ್ತಿಯನ್ನು ಸೌಂದತ್ತಿ ಅಂತಲೂ ಬರೆಯುತ್ತಾರೆ. ಏಜೆಂಟ್ ಒಂದು ಹೆಸರು ಕೇಳಿ, ಮಾಹಿತಿ ಇನ್ನೊಂದು ಹೆಸರಿನಲ್ಲಿದ್ದರೆ “ಸವದತ್ತಿಯಲ್ಲಿ ವ್ಯಾಪಾರ ಇಲ್ಲ” ಅಂತ ಉತ್ತರ. ಪೇಟೆ ರಜೆ ಇದ್ದ ದಿನ ಏನು ಹೇಳಬೇಕು? ಆ ದಿನ ಆ ಮಾಲಿನ ಆವಕವೇ ಇಲ್ಲದಿದ್ದರೆ? “ಈಗಿನ” ಅನ್ನುವ ಪದ ಇಲ್ಲಿ ನಿಮಿಷದ ಲೆಕ್ಕದಲ್ಲೂ ಇಲ್ಲ, ಹೋದ ವಾರದ್ದೂ ಆಗಿರಬಹುದು.

ದರ ಅನ್ನುವುದು ಬರೀ ಅಂಕಿ, ಸ್ವಲ್ಪ ಹೆಚ್ಚುಕಡಿಮೆ ಆದರೆ ಏನಾಯಿತು ಅನ್ನುವವರು 2024ರ ಮಾರ್ಚ್ 11ರ ಬ್ಯಾಡಗಿಯನ್ನು ನೆನಪು ಮಾಡಿಕೊಳ್ಳಲಿ. ಮೆಣಸಿನಕಾಯಿ ದರ ಬಿತ್ತು ಅಂತ ರೈತರು ಎಪಿಎಂಸಿ ಕಚೇರಿಗೇ ಬೆಂಕಿ ಹಚ್ಚಿದ ದಿನ ಅದು. ಡಬ್ಬಿಗೆ ಒಂದು ದರ, ಕಡ್ಡಿಗೆ ಒಂದು ದರ ಇರುವ ಪೇಟೆ ಬ್ಯಾಡಗಿ. ಆ ಹೊತ್ತಿನಲ್ಲಿ ಒಂದು ಏಜೆಂಟ್ ಡಬ್ಬಿಯ ದರವನ್ನು “ಮೆಣಸಿನಕಾಯಿ ಬೆಲೆ” ಅಂತ ಸಾವಿರಾರು ಫೋನುಗಳಿಗೆ ಹೇಳಿದ್ದರೆ?

ನಾನು ಆ ಅರ್ಧ ಪುಟವನ್ನು ಮತ್ತೆ ಕಳಿಸಿದ್ದೇನೆ. ಐದು ಪದದವರ ಪಕ್ಕಕ್ಕೆ ಇನ್ನೊಬ್ಬ ಹಿರಿಯರು ಬಂದು ನಿಂತಿದ್ದಾರೆ, ಸೋಮವಾರ ಮೀಟಿಂಗ್ ಇದೆ. ಅದು ಏನಾದರೂ ಆಗಲಿ. ನೀವು ಒಂದು ಕೆಲಸ ಮಾಡಿ. ನಿಮ್ಮೂರಿನ ಪೇಟೆಯಲ್ಲಿ “ದರ ಎಷ್ಟು” ಅಂದರೆ ವಾಪಸ್ ಏನೇನು ಕೇಳುತ್ತಾರೆ ಅಂತ ನಿಮ್ಮ ನಿಮ್ಮ ಬ್ಲಾಗಿನಲ್ಲಿ ಬರೆಯಿರಿ. ಶಿರಸಿ ಕಡೆಯವರು ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟಿನ ವ್ಯತ್ಯಾಸದಿಂದ ಶುರು ಮಾಡಬಹುದು. ತಿಪಟೂರಿನವರು ಕೊಬ್ಬರಿಯದ್ದು, ಬ್ಯಾಡಗಿಯವರು ಡಬ್ಬಿ-ಕಡ್ಡಿಯದ್ದು. ಯಾವ ತೂಕ, ಯಾವ ದಿನ ಸಂತೆ, ಏನು ಕಳೆಯುತ್ತಾರೆ, ಯಾವ ಹೆಸರಿಗೆ ಇಂಗ್ಲಿಷಿನಲ್ಲಿ ಎಷ್ಟು ಬಗೆಯ ಸ್ಪೆಲಿಂಗು, ಎಲ್ಲಾ. ಹತ್ತಿ ಮತ್ತು ಹೆಸರಿನದ್ದನ್ನು ಕಾಕಾನ ಹತ್ತಿರ ಕೂತು ಕೇಳಿ ಮುಂದಿನ ವಾರ ನಾನು ಇಲ್ಲೇ ಹಾಕುತ್ತೇನೆ.